ಪದ ಪರಿಚಯ: ಜಲಾನಯನದಲ್ಲಿ ಕಣ್ಣಿಲ್ಲ

ಹೋದ ವಾರ ಕೈಗೆ ಸಿಕ್ಕ ಬಣ್ಣದ ಕರಪತ್ರವೊಂದರಲ್ಲಿ, ಮದ್ದೂರಿನ ಹತ್ತಿರ ‘ಕಾವೇರಿಯ ರಮಣೀಯ ಜಲಾನಯನ ಪ್ರದೇಶದಲ್ಲಿ’ ಫಾರ್ಮ್ ಪ್ಲಾಟು, ಜೊತೆಗೆ ನಾಲೆ ನೀರು ಎಂದಿತ್ತು. ಸಂಜೆ ಟೀವಿ ಹಾಕಿದರೆ, ಜಲಾನಯನ ಪ್ರದೇಶದಲ್ಲಿ ಕಬ್ಬು ಒಣಗುತ್ತಿದೆಯಂತೆ. ಇಬ್ಬರ ಮನಸ್ಸಿನಲ್ಲಿದ್ದದ್ದೂ ಅಚ್ಚುಕಟ್ಟು, ಅಂದರೆ ನಾಲೆ ನೀರು ಉಣ್ಣುವ ನೆಲ; ಬಾಯಿಗೆ ಬಂದದ್ದು ಜಲಾನಯನ. ಒಂದೇ ದಿನಕ್ಕೆ ಎರಡು ಸಲ ಎಂದರೆ ಸ್ವಲ್ಪ ಜಾಸ್ತಿಯಾಯಿತು.

ಮೊದಲು ಕಣ್ಣಿನ ವಿಷಯ ಮುಗಿಸೋಣ. ಜಲದ ನಯನ, ಅಂದರೆ ನೀರಿನ ಕಣ್ಣು ಎಂದು ಬಿಡಿಸಿ ಪುಳಕಗೊಳ್ಳುವವರನ್ನು ತುಂಬ ನೋಡಿದ್ದೇನೆ. ಕವಿತ್ವ ಇರಲಿ, ನಡುವಿನ ದೀರ್ಘ ಎಲ್ಲಿಂದ ಬಂತು? ಜಲ, ನಯನ ಕೂಡಿದರೆ ಜಲನಯನ ಆಗುತ್ತದೆ, ಅಷ್ಟೇ. ಇಲ್ಲಿರುವುದು ಜಲ ಮತ್ತು ಆನಯನ. ಸವರ್ಣದೀರ್ಘ ಸಂಧಿ, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ. ಸಂಸ್ಕೃತದ ‘ನೀ’ ಧಾತುವಿಗೆ ಒಯ್ಯು, ನಡೆಸು ಎಂದರ್ಥ. ಮುಂದೆ ‘ಆ’ ಹತ್ತಿದರೆ ದಿಕ್ಕು ನಮ್ಮ ಕಡೆಗೆ ತಿರುಗುತ್ತದೆ, ಆನಯನ ಎಂದರೆ ತರುವುದು. ‘ಉಪ’ ಹತ್ತಿದರೆ ವಟುವನ್ನು ಗುರುವಿನ ಹತ್ತಿರ ಕರೆತರುವ ಉಪನಯನ. ನಾಯಕ, ನೇತಾರ, ನೀತಿ ಎಲ್ಲ ಒಂದೇ ಮನೆಯವರು. ತಮಾಷೆಯೆಂದರೆ ಕಣ್ಣು ನಯನವಾದದ್ದೂ ದಾರಿ ನಡೆಸುತ್ತದೆ ಎಂದೇ. ಹಾಗಾಗಿ ಕಣ್ಣು ಈ ಪದಕ್ಕೆ ದಾಯಾದಿ ಅನ್ನಿ, ಮನೆಯೊಳಗಿಲ್ಲ. ಬಿದ್ದ ಮಳೆಯನ್ನೆಲ್ಲ ಕೂಡಿಸಿ ಇಳಿಜಾರಿನಲ್ಲಿ ಒಂದು ಕಡೆಗೆ ತಂದೊಪ್ಪಿಸುವ ನೆಲವೇ ಜಲಾನಯನ. ನಮ್ಮ ಹಳ್ಳಿಗಳಲ್ಲಿ ‘ಊರಿಗೆ ಜಲಾನಯನ ಬಂತು’ ಎಂದರೆ ಸರ್ಕಾರಿ ಯೋಜನೆ, ಕೃಷಿಹೊಂಡ, ಬದು ಎಂದರ್ಥ. ಅದು ಬಳಕೆಯ ಮಾತು, ಅದರ ಮೇಲೆ ನನಗೆ ಸಿಟ್ಟಿಲ್ಲ.

ಯಾವ ಕಡೆಗೆ ತರುತ್ತದೆ ಎಂದು ಹೇಳದಿದ್ದರೆ ಪದ ಅರ್ಧವೇ. ಕೆಆರ್‌ಎಸ್‌ನ ಜಲಾನಯನ ಎಂದರೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಹರಿದು ಬರುವ ನೆಲ: ಕೊಡಗು, ಹಾಸನ, ಮೂಡಿಗೆರೆಯ ಬೆಟ್ಟಸಾಲು. ವಯನಾಡಿನಲ್ಲಿ ಮಳೆ ಹೊಯ್ದಾಗಲೆಲ್ಲ ಕೆಆರ್‌ಎಸ್ ತುಂಬಿಸುವವರು ನಕ್ಷೆ ನೋಡಬೇಕು. ಆ ನೀರು ಕಬಿನಿಯದು, ಅದು ಕಾವೇರಿಗೆ ಸೇರುವುದು ಅಣೆಕಟ್ಟೆಯ ಕೆಳಗೆ, ತಿರುಮಕೂಡಲು ನರಸೀಪುರದಲ್ಲಿ.

ಮದ್ದೂರೂ ಕಾವೇರಿ ಕೊಳ್ಳದಲ್ಲೇ, ಅಂದರೆ ಇಡೀ ನದಿಯ ಜಲಾನಯನದಲ್ಲೇ, ಇದೆಯಲ್ಲ ಎನ್ನಬಹುದು. ಇದೆ, ಅಲ್ಲಿಯ ಮಳೆ ಶಿಂಷೆಯ ಪಾಲಾಗಿ ಕಾವೇರಿಗೇ ಹೋಗುತ್ತದೆ. ಆದರೆ ಕರಪತ್ರ ಮಾರುತ್ತಿರುವುದು ಆ ಮಳೆಯನ್ನಲ್ಲ, ವಿಶ್ವೇಶ್ವರಯ್ಯ ನಾಲೆಯನ್ನು. ಹುಲಿಕೆರೆಯಲ್ಲಿ ಗುಡ್ಡ ಕೊರೆದು, ಸುರಂಗದಲ್ಲಿ ದಾಟಿಸಿದ ನೀರು ಅದು. ಜಲಾನಯನದ ಗಡಿ ಬೆಟ್ಟ ಹಾಕಿದ್ದು, ಅಚ್ಚುಕಟ್ಟಿನ ಗಡಿ ಎಂಜಿನಿಯರ್ ಹಾಕಿದ್ದು. (ತೆಲುಗರು ಇದಕ್ಕೆ ಆಯಕಟ್ಟು ಅನ್ನುತ್ತಾರೆ. ನಮ್ಮಲ್ಲಿ ಆಯಕಟ್ಟಿನ ಜಾಗ ಎಂದರೆ ವರ್ಗಾವಣೆಗೆ ಪೈಪೋಟಿ ಇರುವ ಕುರ್ಚಿ.)

ವ್ಯಾಕರಣದ ಹಟ ಎನ್ನಬೇಡಿ, ಎರಡೂ ಕಡೆಯ ದುಡಿಮೆ ಬೇರೆ. ಕೊಡಗಿನಲ್ಲಿ ಬದುಕು ನಿಂತಿರುವುದು ನಾಲೆಯ ಮೇಲಲ್ಲ, ಮಳೆಯ ವೇಳೆಯ ಮೇಲೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಹೂಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ಕಾಫಿ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯ ವಾಸನೆ ಹೊಡೆಯುತ್ತದೆ, ಬೀಳದಿದ್ದರೆ ಸ್ಪ್ರಿಂಕ್ಲರ್ ಎಳೆದಾಡಬೇಕು. ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಈ ಪುಟ್ಟ ಜಿಲ್ಲೆಯದು. ನೆರಳಿನ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಈಚೆಗೆ ಹೋಮ್‌ಸ್ಟೇ. ರಮಣೀಯ ಎಂಬ ವಿಶೇಷಣ ಅಲ್ಲಿಗೆ ಸಲ್ಲುತ್ತದೆ. ಮಂಡ್ಯದ ಕಡೆ ಭತ್ತ, ಕಬ್ಬು, ಆಲೆಮನೆ, 1933ರ ಸಕ್ಕರೆ ಕಾರ್ಖಾನೆ ಎಲ್ಲ ನಾಲೆ ನೀರಿನ ಫಲ. ಮಂಡ್ಯ ನೋಡಲು ಚಂದವಿಲ್ಲವೇ? ಇದೆ. ಹಸಿರು ಗದ್ದೆ ಯಾರಿಗೆ ಬೇಡ? ಆದರೆ ಗೇಟು ಮುಚ್ಚಿದರೆ ಆ ಹಸಿರೂ ಇಲ್ಲ, ಮತ್ತು ಕರಪತ್ರದವರು ಇದನ್ನು ಹೇಳುವುದಿಲ್ಲ. ಇವೆರಡಕ್ಕೂ ಸೇರದ ಮೂರನೆಯ ಗಳಿಕೆಯೂ ಉಂಟು: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು. ಅಲ್ಲಿ ನದಿ ಮಾರಿಕೊಂಡದ್ದು ತನ್ನ ಬೀಳುವ ಎತ್ತರವನ್ನು, ನೀರು ಮತ್ತೆ ನದಿಗೇ ಬಂತು.

ಈ ಗಡಿಗೆ ನ್ಯಾಯಾಲಯದಲ್ಲೂ ಬೆಲೆ ಬಂದಿದೆ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದೊಳಗಿದೆ ಎಂದು, ರಾಜ್ಯಗಳಿಗೆ ಕಾವೇರಿ ನೀರು ಹಂಚಿದ ನ್ಯಾಯಮಂಡಳಿ ಕುಡಿಯುವ ನೀರಿನ ಲೆಕ್ಕ ಕಟ್ಟಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ಇಡೀ ಊರಿನ ಬಾಯಾರಿಕೆ ನೋಡಿ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಗಡಿ ಎಲ್ಲಿದೆ ಎಂದು ಕಾಣಬೇಕಾದರೆ ಬಸವನಗುಡಿಯ ದಿಣ್ಣೆಯ ಮೇಲೆ ನಿಲ್ಲಿ. ಪಶ್ಚಿಮಕ್ಕೆ ಇಳಿದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಪೂರ್ವಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು ಕೆರೆ ಹಾಯ್ದು ದಕ್ಷಿಣ ಪಿನಾಕಿನಿ ಎಂಬ ಬೇರೆಯೇ ನದಿಗೆ. ಪೂರ್ವದ ಇಳಿಜಾರಿನ ಮನೆಗಳಲ್ಲಿ ನಲ್ಲಿಗೆ ಬರುವುದು ಪಂಪಿನಲ್ಲಿ ಹತ್ತಿಸಿದ ಕಾವೇರಿ, ಬಚ್ಚಲಿನಿಂದ ಹೋಗುವುದು ಪಿನಾಕಿನಿಯ ಕಡೆಗೆ.