ಮೊದಲು ಜಾಗ, ಆಮೇಲೆ ಗಾಡಿ

ಕ್ಯಾಲಿಫೋರ್ನಿಯಾದಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಕೊಡುವುದು ನನ್ನ ವೃತ್ತಿ. ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗಬಹುದಾದ ಮನೆಯಂಥ ಗಾಡಿ ಅದು. ಬೇಸಿಗೆ ರಜೆ ಹತ್ತಿರವಾದಂತೆ ಇಲ್ಲಿನ ಕನ್ನಡ ಕುಟುಂಬಗಳೂ ವಿಚಾರಿಸುತ್ತವೆ. ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಜೊತೆಗೆ ಮಕ್ಕಳು. ಇರುವುದರಲ್ಲಿ ದೊಡ್ಡದನ್ನೇ ಕೊಡಿ ಎನ್ನುತ್ತಾರೆ. ನಾನು ಕೇಳುವುದು ಒಂದೇ: ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ?

ಇಲ್ಲಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಣಿವೆಯನ್ನೇ ನೋಡಿ. ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಮೋಟರ್‌ಹೋಮ್‌ಗೆ 35 ಅಡಿಯ ಮಿತಿ. ಲೋವರ್ ಪೈನ್ಸ್, ನಾರ್ತ್ ಪೈನ್ಸ್‌ಗಳಲ್ಲಿ 40. ಇದನ್ನು ಓದಿ ಸಮಾಧಾನಪಡಬೇಡಿ. ಅದು ಇಡೀ ಕ್ಯಾಂಪ್‌ಗ್ರೌಂಡಿನ ಗರಿಷ್ಠ ಮಿತಿ. ಒಳಗಿನ ಒಂದೊಂದು ಸೈಟಿಗೂ, ಅಂದರೆ ಒಂದು ಕುಟುಂಬ ಗಾಡಿ ನಿಲ್ಲಿಸಿ ತಂಗುವ ಜಾಗಕ್ಕೂ, ಅದರದ್ದೇ ಅಳತೆ ಇರುತ್ತದೆ. ಗಾಡಿ ಉದ್ದವಾದಷ್ಟೂ ನಿಮಗೆ ಒದಗುವ ಸೈಟುಗಳು ಕಡಿಮೆಯಾಗುತ್ತವೆ.

ಸೈಟುಗಳು ಇಷ್ಟು ಗಿಡ್ಡವಾಗಿರುವುದಕ್ಕೆ ನಾನು ಗೌರವಿಸುವ ಕಾರಣವೊಂದಿದೆ. ಸಸ್ಯರೋಗ ತಜ್ಞ ಇ. ಪಿ. ಮೈನೆಕೆ 1920ರ ದಶಕದ ಕೊನೆಯಲ್ಲಿ ಇಲ್ಲಿನ ರೆಡ್‌ವುಡ್ ಕಾಡುಗಳನ್ನು ಪರಿಶೀಲಿಸಿದರು. ಜನ ಎಲ್ಲೆಂದರಲ್ಲಿ ಕಾರು ನುಗ್ಗಿಸುತ್ತಿದ್ದರು. ಮಣ್ಣು ಗಟ್ಟಿಯಾಗಿ ಮರದ ಬೇರುಗಳಿಗೆ ಉಸಿರು ಕಟ್ಟುತ್ತಿತ್ತು. ಸುತ್ತಿ ಬರುವ ಏಕಮುಖ ದಾರಿ, ಪ್ರತಿ ಕುಟುಂಬಕ್ಕೂ ಕಾರು ನಿಲ್ಲಿಸಲು ಒಂದು ಚಿಕ್ಕ ಕವಲು, ಅದು ಮೀರದಂತೆ ಬಂಡೆ ಅಥವಾ ದಿಮ್ಮಿ: ಇದು 1932ರ ಹೊತ್ತಿಗೆ ಅವರು ಕೊಟ್ಟ ವಿನ್ಯಾಸ. ಆ ಕಾಲದ ಕಾರಿನ ಅಳತೆಗೆ ಹಾಕಿದ ಕವಲುಗಳವು. ಹಲವು ಹಳೆಯ ಕ್ಯಾಂಪ್‌ಗ್ರೌಂಡ್‌ಗಳು ಇಂದಿಗೂ ಅದೇ ಅಚ್ಚಿನಲ್ಲಿವೆ. ನಮ್ಮ ಗಾಡಿಗಾಗಿ ಆ ಮರಗಳನ್ನು ಕಡಿಯಬೇಕೆಂದು ನಾನಂತೂ ಕೇಳಲಾರೆ.

ಇನ್ನು ಗಾಡಿಯ ನಿಜವಾದ ಉದ್ದ. ಮಾದರಿಯ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಬೇಡಿ. ಮುಂದಿನ ಬಂಪರ್‌ನಿಂದ ಹಿಂದಿನ ಏಣಿ, ಸೈಕಲ್ ಸ್ಟ್ಯಾಂಡಿನ ತುದಿಯವರೆಗೆ ಅಳೆಯಬೇಕು. ಒಮ್ಮೆ ಒಂದು ಕುಟುಂಬ 27 ಅಡಿಯ ಸೈಟ್ ಕಾಯ್ದಿರಿಸಿತ್ತು. ಸೈಕಲ್‌ಗಳನ್ನು ಸೇರಿಸಿದರೆ ಗಾಡಿ 28 ಅಡಿ ದಾಟುತ್ತಿತ್ತು. ಕತ್ತಲಲ್ಲಿ ಅಜ್ಜಿ ಟಾರ್ಚ್ ಹಿಡಿದು "ಬಾ, ಬಾ" ಎನ್ನುತ್ತಾ ಹೇಗೋ ಹಿಂದಕ್ಕೆ ತೆಗೆಸಿದರು. ಪೆಟ್ಟು ಬಿದ್ದದ್ದು ಬೆಳಿಗ್ಗೆ. ಹೊರಬರುತ್ತಲೇ ಮಗ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಬಾಲ ಎಡಕ್ಕೆ ಬೀಸಿ, ಏಣಿ ಪೈನ್ ಮರದ ತೊಗಟೆಯನ್ನು ಅಂಗೈಯಗಲ ಸುಲಿಯಿತು. ಹಿಂದಿನ ಚಕ್ರದಾಚೆ ಗಾಡಿ ಎಂಟು ಹತ್ತು ಅಡಿ ಚಾಚಿಕೊಂಡಿರುವುದು ಕಾರು ಓಡಿಸಿದ ಕೈಗೆ ನೆನಪಿರುವುದಿಲ್ಲ. ಆ ಮರದ ಗಾಯವನ್ನು ಅಜ್ಜಿ ಫೋಟೊ ತೆಗೆದು ನನಗೆ ತೋರಿಸಿದರು, ಕಣ್ಣು ತುಂಬಿಕೊಂಡು.

ದಾರಿಗಳಿಗೂ ಮಿತಿಯುಂಟು. ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯಲ್ಲಿ, ಪಶ್ಚಿಮದಿಂದ ಬಂದರೆ, ಅವಲಾಂಚ್ ಕ್ಯಾಂಪ್‌ಗ್ರೌಂಡ್‌ನಿಂದ ಮುಂದಕ್ಕೆ 21 ಅಡಿ ಮೀರಿದ ವಾಹನಕ್ಕೆ ಪ್ರವೇಶವಿಲ್ಲ.

ಆದ್ದರಿಂದ ಮೊದಲು ಸೈಟ್ ಕಾಯ್ದಿರಿಸುವ ಸರ್ಕಾರಿ ಜಾಲತಾಣ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಸೈಟ್ ಹುಡುಕಿ, ಗರಿಷ್ಠ ವಾಹನ ಉದ್ದ ಎಷ್ಟೆಂದು ಓದಿ, ಹಿಮ್ಮುಖವಾಗಿ ಹೋಗಬೇಕೋ ನೇರ ಹಾಯಬಹುದೋ ನೋಡಿ, ಆಮೇಲೆ ಗಾಡಿ ಆರಿಸಿ. ಕಾರನ್ನು ಹಿಂದೆ ಕಟ್ಟಿ ಎಳೆಯುವವರು ಅದರ ಜಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾಲ್ಕೈದು ಜನರಿಗೆ ನಾನು 25 ಅಡಿಯದನ್ನೇ ಹೇಳುತ್ತೇನೆ. ಒಳಗೆ ಸ್ವಲ್ಪ ಇಕ್ಕಟ್ಟು, ನಿಜ. ಕೀಲಿ ಕೊಡುವ ಮುನ್ನ ಅಳತೆ ಟೇಪಿನ ಒಂದು ತುದಿಯನ್ನು ಮಗುವಿನ ಕೈಗಿಟ್ಟು, ಇನ್ನೊಂದನ್ನು ಹಿಡಿದು ಹಿಂಬದಿಗೆ ನಡೆಯುತ್ತೇನೆ. ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸುತ್ತೇನೆ.