ಹೆದ್ದಾರಿಗೆ ಹೊಲ ಹೋದರೆ 2013ರ ಕಾಯ್ದೆ ನೆರವಿಗೆ ಬರುತ್ತದೆಯೇ?

ಪ್ರಶ್ನೆ: ರಾಷ್ಟ್ರೀಯ ಹೆದ್ದಾರಿಗಾಗಿ ಸ್ವಾಧೀನವಾಗುವ ಜಮೀನುಗಳ ಪಟ್ಟಿಯಲ್ಲಿ ನಮ್ಮ ಸರ್ವೆ ನಂಬರ್ ಪತ್ರಿಕೆಯಲ್ಲಿ ಬಂದಿದೆ. 2013ರ ಭೂಸ್ವಾಧೀನ ಕಾಯ್ದೆ ನಮಗೂ ಅನ್ವಯಿಸುತ್ತದೆಯೇ?

ಉತ್ತರ: ಹಣದ ಮಟ್ಟಿಗೆ ಹೌದು, ಒಪ್ಪಿಗೆಯ ಮಟ್ಟಿಗೆ ಇಲ್ಲ. 'ನಾವು ಸಹಿ ಹಾಕದಿದ್ದರೆ ಜಮೀನು ಹೋಗುವುದಿಲ್ಲ' ಎಂದು ನಂಬಿ ಕುಳಿತವರು ಬಹಳ ಮಂದಿ. ಅವರ ಅವಕಾಶದ ದಿನಗಳು ಹೀಗೆಯೇ ಕಳೆದುಹೋಗುವುದನ್ನು ಕಂಡರೆ ಸಂಕಟವಾಗುತ್ತದೆ.

ಹೆದ್ದಾರಿಗೆ ಜಮೀನು ಪಡೆಯುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಅಡಿಯಲ್ಲಿ. ಇದೂ, ರೈಲ್ವೆ, ವಿದ್ಯುತ್ ಕಾಯ್ದೆಗಳೂ ಸೇರಿ 13 ಕಾಯ್ದೆಗಳನ್ನು 2013ರ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಪರಿಹಾರ ಮತ್ತು ಪುನರ್ವಸತಿಯ ನಿಯಮಗಳು ಮಾತ್ರ 2015ರ ಜನವರಿ 1ರಿಂದ ಹೆದ್ದಾರಿ ಸಂತ್ರಸ್ತರಿಗೂ ಅನ್ವಯವಾದವು. ಸಾಮಾಜಿಕ ಪರಿಣಾಮದ ಅಧ್ಯಯನ, ಬಾಧಿತ ಕುಟುಂಬಗಳ ಒಪ್ಪಿಗೆ ಇವೆರಡೂ ಬರಲಿಲ್ಲ. ಬೆಲೆ ಕಟ್ಟಿಕೊಟ್ಟು ಮಾತು ಕಸಿದುಕೊಂಡ ಈ ಏರ್ಪಾಡು ನನ್ನ ಮಟ್ಟಿಗೆ ಅನ್ಯಾಯವೇ.

ಲೆಕ್ಕ ನೋಡಿ. ಹಳ್ಳಿಯ ಜಮೀನಿನ ಮಾರುಕಟ್ಟೆ ಮೌಲ್ಯ 20 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಗ್ರಾಮೀಣ ಪ್ರದೇಶದಲ್ಲಿ ಅದನ್ನು 1ರಿಂದ 2ರವರೆಗಿನ ಒಂದು ಅಂಶದಿಂದ ಗುಣಿಸುತ್ತಾರೆ. 2 ಆದರೆ 40 ಲಕ್ಷ. ಮರಗಳು, ಕೊಳವೆಬಾವಿ, ಕೊಟ್ಟಿಗೆಗೆ 5 ಲಕ್ಷ ಸೇರಿದರೆ 45 ಲಕ್ಷ. ಇದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ (ಬಲವಂತವಾಗಿ ಜಮೀನು ಪಡೆದದ್ದಕ್ಕೆ ಕೊಡುವ ಹೆಚ್ಚುವರಿ ಹಣ) ಸೇರಿ 90 ಲಕ್ಷ. ಹೊಲದಲ್ಲಿರುವ ಒಂದು ತೆಂಗಿನ ಮರ ಪಂಚನಾಮೆಯಲ್ಲಿ ಬಿಟ್ಟುಹೋದರೆ ನಷ್ಟ ಎರಡರಷ್ಟಾಗುವುದು ಇದೇ ಕಾರಣಕ್ಕೆ. ಜಂಟಿ ಅಳತೆಗೆ ಸರ್ವೇಯರ್ ಬಂದಾಗ ನೀವು ಹೊಲದಲ್ಲೇ ಇದ್ದು ಒಂದೊಂದು ಮರವನ್ನೂ ಎಣಿಸಿ ಬರೆಸಿ.

ಮಾರುಕಟ್ಟೆ ಮೌಲ್ಯಕ್ಕೆ ನೋಂದಣಿಗಾಗಿ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರವೊಂದೇ ಆಧಾರವಲ್ಲ. ಸುತ್ತಮುತ್ತ ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯಿರುವ ಅರ್ಧದಷ್ಟು ಪತ್ರಗಳನ್ನು ತೆಗೆದುಕೊಂಡು ಸರಾಸರಿ ನೋಡುತ್ತಾರೆ. ಯಾವುದು ಹೆಚ್ಚೋ ಅದೇ ನಿಮ್ಮದು. ಉಪನೋಂದಣಾಧಿಕಾರಿ ಕಚೇರಿಯಿಂದ ಅಂಥ ಪತ್ರಗಳ ನಕಲು ತಂದಿಟ್ಟುಕೊಳ್ಳಿ.

ಇನ್ನು ದಿನಗಳ ಮಾತು. ಪತ್ರಿಕೆಯಲ್ಲಿ ಬಂದದ್ದು ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆಯಾಗಿದ್ದರೆ, ಅಂದರೆ ಜಮೀನು ಪಡೆಯುವ ಉದ್ದೇಶವನ್ನು ಸರ್ಕಾರ ತಿಳಿಸುವ ಪ್ರಕಟಣೆಯಾಗಿದ್ದರೆ, ಆಕ್ಷೇಪಣೆ ಸಲ್ಲಿಸಲು ಇರುವುದು 21 ದಿನ. ಈ ಹಂತದಲ್ಲಿ ಮನೆ ಬಾಗಿಲಿಗೆ ನೋಟಿಸ್ ತಲುಪಿಸಬೇಕೆಂದು ಕಾಯ್ದೆ ಹೇಳುವುದಿಲ್ಲ. ಆಕ್ಷೇಪಣೆಯಲ್ಲಿ ದರ ಕಡಿಮೆ ಎಂದು ಬರೆಯಬೇಡಿ, ಅದಕ್ಕೆ ಮುಂದೆ ಜಾಗವಿದೆ. ರಸ್ತೆಯ ಮಾರ್ಗ ಬಾವಿಯನ್ನು ನುಂಗುತ್ತದೆ, ಹೊಲವನ್ನು ಎರಡು ಹೋಳು ಮಾಡುತ್ತದೆ ಎಂಬಂಥ ಕಾರಣಗಳನ್ನು ನಕ್ಷೆಯೊಂದಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ಮುಂದೆ ಸ್ವಾಧೀನವನ್ನು ಖಚಿತಪಡಿಸುವ 3ಡಿ ಘೋಷಣೆ ಪ್ರಕಟವಾದ ಕ್ಷಣವೇ ಜಮೀನು ಕೇಂದ್ರ ಸರ್ಕಾರದ ಹೆಸರಿಗೆ ಹೋಗುತ್ತದೆ. ಆದರೆ 3ಎ ಆದ ಒಂದು ವರ್ಷದೊಳಗೆ ಆ ಘೋಷಣೆ ಬಾರದಿದ್ದರೆ ಅಧಿಸೂಚನೆಯೇ ಬಿದ್ದುಹೋಗುತ್ತದೆ. ಹಾಗಾಗಿ ತಾರೀಖು ಬರೆದಿಡಿ.

ಪರಿಹಾರದ ಮೊತ್ತ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಬಹುದು. ತಂದುಕೊಂಡ ಕ್ರಯಪತ್ರದ ನಕಲುಗಳು ಅಲ್ಲಿ ಕೆಲಸಕ್ಕೆ ಬರುತ್ತವೆ.

ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಅದನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗೆ ಇವತ್ತೇ ಅರ್ಜಿ ಕೊಡಿ. ಪಾಲಿನ ತಕರಾರು ಎದ್ದರೆ ಹಂಚಿಕೆ ಸಿವಿಲ್ ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕು. ಅಲ್ಲಿಯವರೆಗೆ ಹಣ ಯಾರ ಕೈಗೂ ಬರುವುದಿಲ್ಲ.