ಮ್ಯಾನೇಜರ್ ಬದಲಾದ ಮೇಲೆ ಗೆದ್ದರೆ, ಗೆಲ್ಲಿಸಿದ್ದು ಯಾರು?

ಫುಟ್‌ಬಾಲ್ ತಂಡ ಸಾಲಾಗಿ ನಾಲ್ಕೈದು ಪಂದ್ಯ ಸೋತಾಗ ಮ್ಯಾನೇಜರ್‌ನನ್ನು, ಅಂದರೆ ಮುಖ್ಯ ಕೋಚ್‌ನನ್ನು, ಮನೆಗೆ ಕಳಿಸುತ್ತಾರೆ. ಗೆಲ್ಲುತ್ತಿರುವಾಗ ಯಾರೂ ಕಳಿಸುವುದಿಲ್ಲ, ಅಲ್ವಾ? ಗೊಂದಲ ಶುರುವಾಗುವುದೇ ಇಲ್ಲಿಂದ.

ಫುಟ್‌ಬಾಲ್ ಪಂದ್ಯಗಳ ಅಂಕಿ-ಅಂಶ ಬಿಡಿಸಿ ನೋಡುವುದು ನನ್ನ ಕೆಲಸ. ಅಂಥ ಸೋಲಿನ ಸಾಲಿನಲ್ಲಿ ಕೆಟ್ಟ ಆಟ ಇರುತ್ತದೆ, ನಿಜ. ಆದರೆ ಕೆಟ್ಟ ಗಳಿಗೆಯೂ ಜಾಸ್ತಿಯೇ ಇರುತ್ತದೆ. ನಮ್ಮ ಶಾಟ್ ಕಂಬಕ್ಕೆ ಬಡಿಯುತ್ತದೆ, ಅವರದು ಯಾರದೋ ಕಾಲಿಗೆ ತಗುಲಿ ಒಳಗೆ ಹೋಗುತ್ತದೆ. ಇದು ಬಹಳ ದಿನ ನಡೆಯುವುದಿಲ್ಲ. ಗಳಿಗೆ ತಿರುಗುವ ಹೊತ್ತಿಗೆ ಹೊಸಬರು ಬಂದು ಬೆಂಚಿನಲ್ಲಿ ಕೂತಿರುತ್ತಾರೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು.

ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 1986ರಿಂದ 2004ರವರೆಗಿನ ಡಚ್ ಲೀಗನ್ನು ಹೀಗೇ ಜಾಲಾಡಿದ್ದರು. ಕೋಚ್‌ನನ್ನು ತೆಗೆದ ತಂಡಗಳು ಚೇತರಿಸಿಕೊಂಡಿದ್ದವು. ಅಷ್ಟೇ ಕುಸಿದಿದ್ದರೂ ತೆಗೆಯದೆ ಸುಮ್ನೆ ಇದ್ದ ತಂಡಗಳೂ ಹೆಚ್ಚುಕಡಿಮೆ ಹಾಗೇ ಚೇತರಿಸಿಕೊಂಡಿದ್ದವು!

ನನಗೆ ಇಷ್ಟದ ಉದಾಹರಣೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ನದು. 2018ರ ಡಿಸೆಂಬರ್‌ನಲ್ಲಿ ಜೋಸೆ ಮೊರಿನ್ಯೊ ಹೋದರು, ಹಂಗಾಮಿಯಾಗಿ ಓಲೆ ಗುನ್ನಾರ್ ಸೋಲ್ಶಾರ್ ಬಂದರು. ಮೊದಲ ಪಂದ್ಯದಲ್ಲಿ ಕಾರ್ಡಿಫ್ ಮೇಲೆ 5-1, ಎರಡನೆಯದರಲ್ಲಿ ಹಡರ್ಸ್‌ಫೀಲ್ಡ್ ಮೇಲೆ 3-1. ಹಾಗೇ ಸಾಲಾಗಿ 8 ಗೆಲುವು. ಮಾರ್ಚ್‌ನಲ್ಲಿ ಕೆಲಸ ಕಾಯಂ ಆಯಿತು. ಈಗ ಅದೇ ಸೀಸನ್ನಿನ ಕೊನೆ ನೋಡಿ. ಲೀಗ್‌ನ ಕಡೇ ಎರಡು ಪಂದ್ಯ ಮತ್ತೆ ಅದೇ ಇಬ್ಬರ ಮೇಲೆ. ಹಡರ್ಸ್‌ಫೀಲ್ಡ್ ಜೊತೆ 1-1. ಕಾರ್ಡಿಫ್ ಬಂದು ಯುನೈಟೆಡ್ ಅಂಗಳದಲ್ಲೇ 2-0 ಗೆದ್ದು ಹೋಯಿತು. ಅಷ್ಟರಲ್ಲಿ ಆ ಎರಡೂ ತಂಡ ಕೆಳಗಿನ ಡಿವಿಷನ್‌ಗೆ ಇಳಿಯುವುದು ಖಾತ್ರಿಯಾಗಿತ್ತು. ಅದೇ ಮ್ಯಾನೇಜರ್, ಅದೇ ಎದುರಾಳಿಗಳು. ಡ್ರೆಸಿಂಗ್ ರೂಮಿನ ಗಾಳಿ ಬದಲಾಗಿದ್ದರಿಂದ ಮೊದಮೊದಲು ಆಟಗಾರರು ಬಿಚ್ಚಿ ಆಡಿದ್ದೂ ಹೌದು. ಆದರೆ ಆ ಗಾಳಿ ಎಷ್ಟು ದಿನ?

ಹಾಗಂತ ಮ್ಯಾನೇಜರ್ ಲೆಕ್ಕಕ್ಕೇ ಇಲ್ಲ ಅಂತಲ್ಲ. 2021ರ ಜನವರಿಯಲ್ಲಿ ಥಾಮಸ್ ಟುಖೆಲ್ ಇಂಗ್ಲೆಂಡಿನದೇ ಇನ್ನೊಂದು ಕ್ಲಬ್ ಚೆಲ್ಸಿಗೆ ಮ್ಯಾನೇಜರ್ ಆಗಿ ಬಂದ ಮರುದಿನವೇ ಪಂದ್ಯವಿತ್ತು. ಸ್ಕೋರು 0-0. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಹಿಂದೆ ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸುವ ಪದ್ಧತಿ ಅವತ್ತೇ ಶುರುವಾಗಿತ್ತು. ಅವರ ಮೊದಲ 14 ಪಂದ್ಯಗಳಲ್ಲಿ ಚೆಲ್ಸಿ ಬಿಟ್ಟುಕೊಟ್ಟದ್ದು ಬರೀ 2 ಗೋಲು. ಮೇ ತಿಂಗಳಲ್ಲಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್ಪು, ಚಾಂಪಿಯನ್ಸ್ ಲೀಗ್, ಅದೂ ಬಂತು. ಇಲ್ಲಿ ಬದಲಾದದ್ದು ಗಳಿಗೆಯಲ್ಲ, ಯಾರು ಎಲ್ಲಿ ನಿಲ್ಲಬೇಕು ಎನ್ನುವುದು. ಅದು ಕಣ್ಣಿಗೂ ಕಾಣುತ್ತಿತ್ತು, ಅಂಕಿಯಲ್ಲೂ ಕಾಣುತ್ತಿತ್ತು.

ಅದಕ್ಕೇ ನಾನು ಮೊದಲು ಸ್ಕೋರು ನೋಡುವುದಿಲ್ಲ. ಎದುರಾಳಿಗೆ ಎಂಥ ಅವಕಾಶ ಸಿಗುತ್ತಿವೆ, ಬಾಲನ್ನು ಮೈದಾನದ ಯಾವ ಭಾಗದಲ್ಲಿ ಕಸಿಯುತ್ತಿದ್ದಾರೆ, ಇವನ್ನು ನೋಡುತ್ತೇನೆ. ಒಮ್ಮೆ ಒಂದು ತಂಡದವರು ಮೂರು ಪಂದ್ಯ ಗೆದ್ದ ಖುಷಿಯಲ್ಲಿ ಹಂಗಾಮಿ ಕೋಚ್ ಬಗ್ಗೆ ವರದಿ ಕೇಳಿದರು. ವಿಡಿಯೊ ಹಾಕಿಕೊಂಡು ಎಣಿಸಿದೆ. ಎದುರಾಳಿಗಳು ಹತ್ತಿರದಿಂದ ಹೊಡೆದ ಶಾಟ್‌ಗಳು ಹಳೇ ಕೋಚ್ ಕಾಲಕ್ಕಿಂತ ಜಾಸ್ತಿಯಾಗಿದ್ದವು. ಗೋಲ್‌ಕೀಪರ್ ಮೈಮೇಲೆ ದೇವರು ಬಂದವನ ಹಾಗೆ ತಡೆಯುತ್ತಿದ್ದ, ಅಷ್ಟೇ. ಹಾಗೇ ಬರೆದು ಕಳಿಸಿದೆ. ಸಂಜೆ ಫೋನ್ ಬಂತು: "ಸರ್, ವರದಿ ಇನ್ನೂ ಓದಿಲ್ಲ. ಎರಡು ವರ್ಷದ ಕರಾರಿಗೆ ಬೆಳಿಗ್ಗೆಯೇ ಸಹಿ ಹಾಕಿಸಿಬಿಟ್ವಿ."